ಗಾಂಧೀಜಿಯ ಹೊಟ್ಟೆ

ಬೆಳಗಿನ ಜಾವ ವರ್ತೂರಿನಿಂದ ನಂದಿ ಬೆಟ್ಟಕ್ಕೆ ಬೈಕ್ ಓಡಿಸೋರು ನಮ್ಮಲ್ಲಿ ಕಮ್ಮಿ ಇಲ್ಲ. 1927ರ ಬೇಸಿಗೆಯಲ್ಲಿ ರಕ್ತದೊತ್ತಡ ಏರಿ ಕುಸಿದಿದ್ದ ಗಾಂಧೀಜಿ ವಿಶ್ರಾಂತಿಗೆ ಬಂದಿದ್ದು ಅದೇ ಬೆಟ್ಟಕ್ಕೆ. ಆದರೆ ಅವರನ್ನು ಹೆಚ್ಚು ಕಾಲ ಕಾಡಿದ್ದು ಹೊಟ್ಟೆ. ಜೋಹಾನ್ಸ್‌ಬರ್ಗ್‌ನಲ್ಲಿ ವಕೀಲರಾಗಿದ್ದಾಗಲೇ ಮಲಬದ್ಧತೆ, ತಲೆನೋವು. ಬೆಳಗಿನ ತಿಂಡಿ ಬಿಟ್ಟರು, ಹೊಟ್ಟೆ ಮೇಲೆ ಹಸಿ ಮಣ್ಣಿನ ಪಟ್ಟಿ ಕಟ್ಟಿಕೊಂಡರು. (ಮೆಸ್ ಇಡ್ಲಿ ಬಿಡೋಕಾಗದ ನಮಗೆ ಇದು ಆಗಿಬರುವ ಮಾತಲ್ಲ.)

ನಾವು ಹೇಳಹೊರಟಿದ್ದು 1918ರ ವಿಷಯ. ಅಹಿಂಸೆ ಸಾರುತ್ತಿದ್ದವರು ಆ ವರ್ಷ ಗುಜರಾತಿನ ಖೇಡಾದಲ್ಲಿ ಬ್ರಿಟಿಷ್ ಸೈನ್ಯಕ್ಕೆ ಜನ ಸೇರಿಸೋಕೆ ಹೊರಟರು. ಸ್ವಲ್ಪ ದಿನ ಮುಂಚೆ ಕಂದಾಯದ ಸತ್ಯಾಗ್ರಹಕ್ಕೆ ಪುಕ್ಕಟೆ ಗಾಡಿ ಕೊಟ್ಟಿದ್ದ ರೈತರು ಈಗ ಬಾಡಿಗೆಗೂ ಕೊಡಲಿಲ್ಲ. ನಡೆದೇ ಊರೂರು ಸುತ್ತಿದರು. ಊಟ ಅಂದರೆ ಮುಖ್ಯವಾಗಿ ಕಡಲೆಕಾಯಿ ಬೆಣ್ಣೆ, ನಿಂಬೆಹಣ್ಣು. ಸಣ್ಣಗೆ ಭೇದಿ ಶುರುವಾಗಿತ್ತು. ಹಬ್ಬದ ದಿನ ಕಸ್ತೂರ್‌ಬಾ ಮಾಡಿದ ಗೋಧಿಯ ಸಿಹಿ ಗಂಜಿಯನ್ನು ಆಸೆಪಟ್ಟು ಹೊಟ್ಟೆ ತುಂಬ ಉಂಡರು. ಒಂದು ಗಂಟೆಯೊಳಗೆ ಆಮಶಂಕೆ ಜೋರಾಯಿತು. ದಿನಕ್ಕೆ 30-40 ಸಲ. ಔಷಧಿ ಬೇಡ ಅಂದರು. ಇನ್ನು ಉಳಿಯೋದಿಲ್ಲ ಅಂತಲೇ ಅವರಿಗೆ ಅನಿಸಿಬಿಟ್ಟಿತ್ತು.

ಆಮಶಂಕೆಗೆ ರೋಗಾಣು ಬೇಕು, ಬರೀ ಚಿಂತೆಯಿಂದ ಅದು ಬರೋದಿಲ್ಲ. ಆದರೆ ಕರುಳಿನ ಗೋಡೆಯಲ್ಲೇ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ವೇಗಸ್ ನರದ ಮೂಲಕ ಮಿದುಳಿಗೂ ಕರುಳಿಗೂ ಎರಡೂ ಕಡೆಯಿಂದ ಸಂದೇಶ ಓಡಾಡುತ್ತಲೇ ಇರುತ್ತೆ. ನಮ್ಮ ಭಾಷೆಯಲ್ಲಿ ಫೀಡ್‌ಬ್ಯಾಕ್ ಲೂಪ್. ವೈವಾ ದಿನ ಟಾಯ್ಲೆಟ್ ಮುಂದೆ ಕ್ಯೂ ಯಾಕೆ ಅಂತ ಬಿಡಿಸಿ ಹೇಳಬೇಕಿಲ್ಲ. ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್‌ಸನ್ 1969ರ ತಮ್ಮ ಪುಸ್ತಕದಲ್ಲಿ ಈ ಕಾಯಿಲೆಯನ್ನು ಗಾಂಧಿಯ ಒಳಗಿನ ತಾಕಲಾಟದ ಜೊತೆ ಇಟ್ಟು ನೋಡುತ್ತಾರೆ. ನಮಗೂ ಅದು ಸರಿ ಅನಿಸುತ್ತೆ. ಯಾಕೆಂದರೆ ಜರ್ಮನಿ ಸೋತಿದೆ, ಇನ್ನು ಸೈನ್ಯಕ್ಕೆ ಜನ ಬೇಡ ಅನ್ನೋ ಸುದ್ದಿಯನ್ನು ವಲ್ಲಭಭಾಯಿ ಪಟೇಲರು ತಂದಾಗ ದೊಡ್ಡ ಹೊರೆ ಇಳಿಯಿತು ಅಂತ ಗಾಂಧೀಜಿಯೇ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಹಾಗಂತ ಆ ಸುದ್ದಿಯಿಂದಲೇ ಕಾಯಿಲೆ ವಾಸಿಯಾಗಲಿಲ್ಲ. ಮಾಥೇರಾನ್ ಬೆಟ್ಟಕ್ಕೆ ಹೋದರೂ ಪ್ರಯೋಜನ ಆಗಲಿಲ್ಲ. ಗುದದ್ವಾರದಲ್ಲಿ ಬಿರುಕು ಬಿಟ್ಟು ಶೌಚಕ್ಕೆ ಹೋಗೋದೇ ಹಿಂಸೆಯಾಯಿತು. ಮುಂಬೈಯ ಡಾಕ್ಟರ್ ದಲಾಲ್ ಹಾಲು ಕುಡಿಯಲೇಬೇಕು ಅಂದರು. ಗಾಂಧೀಜಿ 1912ರಿಂದ ಹಾಲು ಬಿಟ್ಟಿದ್ದರು. ಪ್ರತಿಜ್ಞೆ ಮಾಡುವಾಗ ಮನಸ್ಸಿನಲ್ಲಿದ್ದದ್ದು ಹಸು, ಎಮ್ಮೆ ಮಾತ್ರ, ಆಡಿನ ಹಾಲು ಆಗಬಹುದಲ್ಲ ಅಂತ ದಾರಿ ತೋರಿಸಿದ್ದು ಕಸ್ತೂರ್‌ಬಾ. ಒಪ್ಪಿದರು, ಆದರೆ ಮಾತು ಮುರಿದೆ ಅನ್ನೋ ಕೊರಗು ಉಳಿಯಿತು.

ಚೇತರಿಸಿಕೊಳ್ಳುತ್ತಿದ್ದಾಗಲೇ ಪೇಪರಿನಲ್ಲಿ ರೌಲತ್ ಸಮಿತಿಯ ವರದಿ ಓದಿದರು. ಮನಸ್ಸು ಒಪ್ಪುವ ಕೆಲಸ ಮತ್ತೆ ಸಿಕ್ಕಿತ್ತು. 1919ರ ಮಾರ್ಚಿನಲ್ಲಿ ಮದ್ರಾಸಿಗೆ ಹೋದಾಗಲೂ ನಿಂತು ಭಾಷಣ ಮಾಡಿದರೆ ಮೈಯೆಲ್ಲ ನಡುಗುತ್ತಿತ್ತು. ಏಪ್ರಿಲ್ 6ಕ್ಕೆ ದೇಶವಿಡೀ ಹರತಾಳ ನಡೆಯಿತು.