ಕಲ್ಕತ್ತೆಯ ವಿಜ್ಞಾನ ಗುರು ಫಾದರ್ ಲಾಫಾಂಟ್



ಕಥೋಲಿಕ ವಾರಪತ್ರಿಕೆ ಕೈಗೆ ಬಂದಾಗ ನೀವು ಮೊದಲು ಏನನ್ನು ನೋಡುತ್ತೀರಿ? ಭಾನುವಾರದ ಪ್ರಬೋಧನೆ, ಧರ್ಮಕೇಂದ್ರಗಳ ಸುದ್ದಿ, ಇಲ್ಲವೇ ಮೃತರ ಸ್ಮರಣೆಯ ಚಿತ್ರಗಳನ್ನು ನೋಡುತ್ತೀರಿ. ಮಳೆಗಾಳಿಯ ಮುನ್ಸೂಚನೆಯನ್ನು ಅಲ್ಲಿ ಯಾರೂ ಹುಡುಕುವುದಿಲ್ಲ. ಆದರೆ 1867ರ ನಂತರ ಕಲ್ಕತ್ತೆಯ 'ಇಂಡೋ-ಯುರೋಪಿಯನ್ ಕರೆಸ್ಪಾಂಡೆನ್ಸ್' ಎಂಬ ಕಥೋಲಿಕ ವಾರಪತ್ರಿಕೆಯಲ್ಲಿ ಹವಾಮಾನದ ವರದಿ ವಾರವಾರವೂ ಬರುತ್ತಿತ್ತು. ಅದನ್ನು ಸಿದ್ಧಪಡಿಸುತ್ತಿದ್ದವರು ಯೇಸುಸಭೆಯ ಗುರು ಯುಜೀನ್ ಲಾಫಾಂಟ್.

ಅವರು ಹುಟ್ಟಿದ್ದು 1837ರಲ್ಲಿ, ಬೆಲ್ಜಿಯಂ ದೇಶದ ಮೋನ್ಸ್ ಪಟ್ಟಣದಲ್ಲಿ. ಹದಿನೇಳರ ವಯಸ್ಸಿಗೇ ಯೇಸುಸಭೆಯನ್ನು ಸೇರಿದರು. 1865ರಲ್ಲಿ ಕಲ್ಕತ್ತೆಗೆ ಬಂದು ಸಂತ ಕ್ಸೇವಿಯರ್ ಕಾಲೇಜಿನಲ್ಲಿ ವಿಜ್ಞಾನದ ಪಾಠ ಶುರುಮಾಡಿದರು. ಹಿಂದಿನ ವರ್ಷವಷ್ಟೇ ಭೀಕರ ಚಂಡಮಾರುತವೊಂದು ಬಂಗಾಳದಲ್ಲಿ ಸುಮಾರು 60,000 ಜನರನ್ನು ಬಲಿ ತೆಗೆದುಕೊಂಡಿತ್ತು. ಫಾದರ್ ಲಾಫಾಂಟ್ ಕಾಲೇಜಿನ ತಾರಸಿಯ ಮೇಲೆ ತಾತ್ಕಾಲಿಕ ವೀಕ್ಷಣಾಲಯ ಮಾಡಿಕೊಂಡು, ದಿನವೂ ವಾಯುಭಾರಮಾಪಕ ನೋಡಿ ಬರೆದಿಡತೊಡಗಿದರು. 1867ರ ನವೆಂಬರಿನಲ್ಲಿ ಮತ್ತೊಂದು ಚಂಡಮಾರುತ ಬರುವುದನ್ನು ಅವರು ಮೊದಲೇ ಗುರುತಿಸಿದರು. ಸರ್ಕಾರದ ಮೂಲಕ ಎಚ್ಚರಿಕೆ ಹೋಯಿತು, ಅನೇಕರ ಜೀವ ಉಳಿಯಿತು. ಪತ್ರಿಕೆಯ ಆ ವರದಿ ಆರಂಭವಾದದ್ದು ಹೀಗೆ.

ಕಾಲೇಜಿನ ನಾಲ್ಕು ಗೋಡೆಗಳ ಒಳಗಿನ ಪಾಠ ಅವರಿಗೆ ಸಾಕೆನಿಸಲಿಲ್ಲ. 1870ರ ಸುಮಾರಿಗೆ ಸಾರ್ವಜನಿಕರಿಗೂ ಉಪನ್ಯಾಸ ಕೊಡತೊಡಗಿದರು. ಬರಿಯ ಮಾತಿನ ಉಪನ್ಯಾಸಗಳಲ್ಲ ಅವು. ಯುರೋಪಿನಲ್ಲಿ ಹೊಸ ಉಪಕರಣ ಬಂದರೆ ಅದನ್ನು ತರಿಸಿ ಜನರ ಕಣ್ಣೆದುರೇ ನಡೆಸಿ ತೋರಿಸುವರು. ಮಾಯಾದೀಪ, ದೂರವಾಣಿ, ದನಿಯನ್ನು ಹಿಡಿದಿಟ್ಟು ಮತ್ತೆ ನುಡಿಸುವ ಫೋನೋಗ್ರಾಫ್, ಮುಂದೆ ಕ್ಷ-ಕಿರಣ ಎಲ್ಲವನ್ನೂ ಕಲ್ಕತ್ತೆಯ ಜನ ಅವರಿಂದ ಕಂಡರು. ಆ 1870ರಲ್ಲೇ ಮೊದಲನೆಯ ವ್ಯಾಟಿಕನ್ ಮಹಾಸಭೆಯು, ವಿಶ್ವಾಸಕ್ಕೂ ಬುದ್ಧಿಗೂ ನಿಜವಾದ ವಿರೋಧ ಇರಲಾರದು, ಎರಡನ್ನೂ ಕೊಟ್ಟವನು ಒಬ್ಬನೇ ದೇವರು ಎಂದು ಬೋಧಿಸಿತು. ನಾವು ಗುರುಮಠದಲ್ಲಿ ಇದನ್ನು ಪುಸ್ತಕದಿಂದ ಕಲಿತು ಪರೀಕ್ಷೆ ಬರೆದೆವು. ಕಲ್ಕತ್ತೆಯವರಿಗೆ ಅದು ನಿಲುವಂಗಿ ತೊಟ್ಟು ಮೇಜಿನ ಹಿಂದೆ ನಿಂತು ಪ್ರಯೋಗ ತೋರಿಸುತ್ತಿತ್ತು.

ಅದೇ ನಗರದಲ್ಲಿ ಮಹೇಂದ್ರಲಾಲ್ ಸರ್ಕಾರ್ ಎಂಬ ಹಿಂದೂ ವೈದ್ಯರಿದ್ದರು. ಭಾರತೀಯರೇ ನಡೆಸುವ ವಿಜ್ಞಾನ ಸಂಸ್ಥೆಯೊಂದು ಬೇಕೆಂದು ಅವರು 1869ರಿಂದಲೂ ಬರೆಯುತ್ತಿದ್ದರು, ಹಣ ಕೂಡಿಸುತ್ತಿದ್ದರು. ಲಾಫಾಂಟ್ ಅವರ ಬೆನ್ನಿಗೆ ನಿಂತರು. ಆದರೆ ಒಂದು ತಕರಾರು ಎದ್ದಿತು. ಇಂಡಿಯನ್ ಲೀಗ್ ಎಂಬ ಸಂಘದವರು, ಶುದ್ಧ ವಿಜ್ಞಾನದಿಂದ ಹೊಟ್ಟೆ ತುಂಬೀತೇ, ಹುಡುಗರಿಗೆ ಕೈಕೆಲಸ ಕಲಿಸುವ ತಾಂತ್ರಿಕ ಶಾಲೆ ತೆರೆಯಿರಿ ಎಂದರು. ಮೇಲ್ನೋಟಕ್ಕೆ ನ್ಯಾಯವಾದ ಮಾತೇ. ಇಂದು ಮನೆಯಲ್ಲಿ ಮಗನೋ ಮಗಳೋ ಭೌತಶಾಸ್ತ್ರ ಓದುತ್ತೇನೆಂದರೆ ನಾವೂ ಕೇಳುವುದು ಇದನ್ನೇ ಅಲ್ಲವೇ? ಆ ವಾದವನ್ನು ಬಹಿರಂಗವಾಗಿ ವಿರೋಧಿಸಿದವರು ಈ ವಿದೇಶೀ ಗುರು. ಕೈಕೆಲಸವನ್ನಷ್ಟೇ ಕಲಿಸಿದರೆ ಈ ದೇಶದ ಮಕ್ಕಳು ಎಂದೆಂದಿಗೂ ಯುರೋಪಿಯನ್ ಮೇಲ್ವಿಚಾರಕರ ಕೈಕೆಳಗೆ ದುಡಿಯುವ ಮೆಕ್ಯಾನಿಕ್‌ಗಳಾಗಿಯೇ ಉಳಿಯುತ್ತಾರೆ, ಸರ್ಕಾರ್ ಅವರ ಯೋಜನೆಯಾದರೋ ಅವರನ್ನು ಆ ಅವಮಾನದಿಂದ ಬಿಡಿಸುತ್ತದೆ ಎಂಬುದು ಅವರ ನಿಲುವು. ಆಳುವವರ ಬಣ್ಣದವರೇ ಆಗಿದ್ದು ಹೀಗೆ ಹೇಳುವುದಕ್ಕೆ ಎದೆಗಾರಿಕೆ ಬೇಕಿತ್ತು. 1876ರ ಜುಲೈ 29ರಂದು ಬೌಬಜಾರ್ ರಸ್ತೆಯ 210ನೇ ನಂಬರಿನ ಕಟ್ಟಡದಲ್ಲಿ ಭಾರತೀಯ ವಿಜ್ಞಾನ ಪ್ರಸಾರ ಸಂಘ ಆರಂಭವಾಯಿತು. ಅಲ್ಲಿ ಲಾಫಾಂಟ್ ವರ್ಷಗಟ್ಟಲೆ ಪಾಠ ಹೇಳಿದರು.

ಆ ಕಾಲದ ಎಷ್ಟೋ ಅಧಿಕಾರಿಗಳು ಭಾರತೀಯರ ತಲೆ ಕಾವ್ಯಕ್ಕೂ ತತ್ವಕ್ಕೂ ಸರಿ, ಕರಾರುವಾಕ್ಕಾದ ವಿಜ್ಞಾನಕ್ಕೆ ಒಗ್ಗದು ಎಂದು ತಿಳಿದಿದ್ದರು. ಇದಕ್ಕೆ ಉತ್ತರ ಲಾಫಾಂಟರ ತರಗತಿಯಲ್ಲೇ ಕುಳಿತಿತ್ತು. ಬೆಸ್ತರ ಮಕ್ಕಳ ಜೊತೆ ಹಳ್ಳಿಯ ಬಂಗಾಳಿ ಶಾಲೆಯಲ್ಲಿ ಅಕ್ಷರ ಕಲಿತು ಬಂದಿದ್ದ ಆ ವಿದ್ಯಾರ್ಥಿಯ ಹೆಸರು ಜಗದೀಶ್ ಚಂದ್ರ ಬೋಸ್. ಭೌತಶಾಸ್ತ್ರದ ಕಡೆಗೆ ಅವರ ಮನಸ್ಸನ್ನು ತಿರುಗಿಸಿದ್ದು ಲಾಫಾಂಟರ ಪ್ರಯೋಗಗಳು. 1885ರಲ್ಲಿ ಬೋಸ್ ಪ್ರೆಸಿಡೆನ್ಸಿ ಕಾಲೇಜಿನ ಅಧ್ಯಾಪಕರಾದಾಗ ಯುರೋಪಿಯನ್ನರಿಗಿಂತ ಕಡಿಮೆ ಸಂಬಳ ಗೊತ್ತುಪಡಿಸಲಾಯಿತು. ಅವರು ಮೂರು ವರ್ಷ ಸಂಬಳವನ್ನೇ ಮುಟ್ಟದೆ ಪಾಠ ಹೇಳಿದರು. 1895ರಲ್ಲಿ ಕಲ್ಕತ್ತೆಯ ಜನರ ಮುಂದೆ, ತಂತಿಯಿಲ್ಲದೆ ಗೋಡೆಗಳಾಚೆಯ ಗಂಟೆ ಬಾರಿಸಿ ತೋರಿಸಿದರು.

ಲಾಫಾಂಟ್ ಸ್ವತಃ ದೊಡ್ಡ ಸಂಶೋಧಕರೇನಲ್ಲ. 1874ರ ಡಿಸೆಂಬರಿನಲ್ಲಿ ಶುಕ್ರಗ್ರಹ ಸೂರ್ಯಬಿಂಬವನ್ನು ದಾಟಿದಾಗ ಇಟಲಿಯ ಖಗೋಳ ವಿಜ್ಞಾನಿ ಟಾಕಿನಿಯವರ ತಂಡದೊಡನೆ ವೀಕ್ಷಣೆ ನಡೆಸಿದರು, ಮರುವರ್ಷ ಕಾಲೇಜಿಗೊಂದು ಖಗೋಳ ವೀಕ್ಷಣಾಲಯ ಕಟ್ಟಿಸಿದರು. ಉಳಿದ ಆಯುಷ್ಯ ಪಾಠಕ್ಕೇ ಹೋಯಿತು. ಅವರ ಉಪನ್ಯಾಸಗಳು ಇಂಗ್ಲಿಷಿನಲ್ಲಿದ್ದುದರಿಂದ ಆ ಭಾಷೆ ಬಾರದ ಕೂಲಿಕಾರನಿಗೆ, ಅಡಿಗೆಮನೆಯ ತಾಯಿಗೆ ತಲುಪಲಿಲ್ಲ ಎಂಬುದನ್ನೂ ಹೇಳಲೇಬೇಕು. ಆ ಕೆಲಸ ಇನ್ನೂ ಮುಗಿದಿಲ್ಲ. ಕನ್ನಡ ಶಾಲೆಯ ಮೇಷ್ಟರನ್ನು ಕೇಳಿದರೆ ಗೊತ್ತಾಗುತ್ತದೆ.

ಡಾಕ್ಟರ್ ಸರ್ಕಾರ್ 1904ರಲ್ಲಿ ತೀರಿಕೊಂಡರು, ತಮ್ಮ ಸಂಘಕ್ಕೆ ಸಾಕಷ್ಟು ತರುಣರು ಬರಲಿಲ್ಲವೆಂಬ ಕೊರಗಿನಲ್ಲೇ. ಕಲ್ಕತ್ತಾ ವಿಶ್ವವಿದ್ಯಾಲಯ 1908ರಲ್ಲಿ ಲಾಫಾಂಟರಿಗೆ ಗೌರವ ಡಾಕ್ಟರೇಟ್ ನೀಡಿತು. ಅದೇ ಮೇ 10ರಂದು ಡಾರ್ಜಿಲಿಂಗಿನಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಅದಕ್ಕೆ ಹಿಂದಿನ ವರ್ಷವಷ್ಟೇ ಮದರಾಸು ಕಡೆಯ ತರುಣನೊಬ್ಬ ಲೆಕ್ಕಪತ್ರ ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಬಂದಿದ್ದ. ಟ್ರಾಮಿನಲ್ಲಿ ಹೋಗುವಾಗ ಬೌಬಜಾರಿನ ಆ ಸಂಘದ ಫಲಕ ಅವನ ಕಣ್ಣಿಗೆ ಬಿತ್ತು. ಇಳಿದು ಹೋಗಿ ಬಾಗಿಲು ತಟ್ಟಿದ. ಕಚೇರಿ ಕೆಲಸದ ಮುಂಚೆ ಮತ್ತು ಆಮೇಲೆ ಅಲ್ಲಿಯೇ ಪ್ರಯೋಗ ಮಾಡತೊಡಗಿದ. 1928ರಲ್ಲಿ ಬೆಳಕಿನ ಬಗೆಗಿನ ತಮ್ಮ ಶೋಧವನ್ನು ಅಲ್ಲಿಂದಲೇ ಜಗತ್ತಿಗೆ ತಿಳಿಸಿ, 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದು, 1933ರಲ್ಲಿ ನಮ್ಮ ಬೆಂಗಳೂರಿಗೆ ಬಂದು ನೆಲೆಸಿದ ಸರ್ ಸಿ. ವಿ. ರಾಮನ್ ಅವರೇ ಆ ತರುಣ.