ಜಿಲ್ಲೆಗೆ ರೈಲು ಬಯಸಿದ ಉಳ್ಳಾಲ ಶ್ರೀನಿವಾಸ ಮಲ್ಯರು

ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ಹಿರಿಯರು ಇಂದಿಗೂ ಗೌರವದಿಂದ ನೆನೆಯುವ ಹೆಸರು ಉಳ್ಳಾಲ ಶ್ರೀನಿವಾಸ ಮಲ್ಯರದು. ಅವರು 1902ರ ನವೆಂಬರ್ 21ರಂದು ಜನಿಸಿದರು. ಗಾಂಧೀಜಿಯವರ ಕರೆಗೆ ಓಗೊಟ್ಟು ಎಳೆಯ ವಯಸ್ಸಿನಲ್ಲೇ ಓದು ಬಿಟ್ಟು ಸ್ವಾತಂತ್ರ್ಯ ಹೋರಾಟಕ್ಕೆ ಇಳಿದರು. ಮುಂದೆ ಸಂವಿಧಾನ ರಚನಾ ಸಭೆಯ ಸದಸ್ಯರಾದರು. ದೇಶದ ಮೊದಲ ಮೂರು ಮಹಾಚುನಾವಣೆಗಳಲ್ಲೂ ಗೆದ್ದು ಲೋಕಸಭೆಯಲ್ಲಿ ಈ ಜಿಲ್ಲೆಯ ಪ್ರತಿನಿಧಿಯಾದರು.

ಅವರು ಯಾಕೆ ರೈಲಿಗಾಗಿ ಅಷ್ಟು ದುಡಿದರು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಂಗ್ಲೆಂಡಿನಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು 1830ರಲ್ಲೇ ಓಡಿತು. ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಶ್ರೀಮಂತರ ಬೋಗಿ ಎಂದರೆ ಮೂರು ಕುದುರೆಗಾಡಿಗಳನ್ನು ಒಂದೇ ಚೌಕಟ್ಟಿನ ಮೇಲೆ ಜೋಡಿಸಿದ ಹಾಗೆ. ಬಡವರಿಗೆ ಮಾಡಿಲ್ಲದ ತೆರೆದ ಬಂಡಿ. ಮಳೆ, ಚಳಿ, ಎಂಜಿನ್ನಿನ ಕಿಡಿ ಎಲ್ಲವೂ ಮೈಮೇಲೆ. 1844ರ ಕಾನೂನು ಬಂದ ಮೇಲೆ ಅವರಿಗೂ ಮಾಡು, ಆಸನ ಮತ್ತು ಮೈಲಿಗೆ ಒಂದು ಪೆನ್ನಿಯ ದರ ದೊರೆಯಿತು. ಅಂದಿನಿಂದ ಕೂಲಿಯವನೂ ದೂರದ ಊರು ನೋಡುವಂತಾಯಿತು.

ನಮ್ಮ ದೇಶದಲ್ಲಿ ಮುಂಬಯಿ–ಠಾಣೆ ರೈಲು 1853ರಲ್ಲಿ, ಬೇಪೂರು–ತಿರೂರು ರೈಲು 1861ರಲ್ಲಿ ಓಡಿತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ಮಲಬಾರಿನ ದಾರಿಯಾಗಿ. ಬೆಂಗಳೂರಿಗೆ ರೈಲಿನಲ್ಲಿ ಹೋಗಬೇಕಾದವರು ಶೊರನೂರು, ಪಾಲಕ್ಕಾಡು, ಜೋಲಾರಪೇಟೆ ಸುತ್ತಿ ಹೋಗಬೇಕಿತ್ತು. ಇಲ್ಲದಿದ್ದರೆ ಚಾರ್ಮಾಡಿ ಅಥವಾ ಶಿರಾಡಿ ಘಾಟಿಯ ಬಸ್ಸೇ ಗತಿ.

ಬಂದರಿಲ್ಲದಿದ್ದರೆ ರೈಲಿಗೆ ಸರಕಿಲ್ಲ, ರೈಲಿಲ್ಲದಿದ್ದರೆ ಬಂದರಿಗೆ ಸರಕು ಬರುವ ದಾರಿಯಿಲ್ಲ. ಮಲ್ಯರು ಎರಡಕ್ಕೂ ಒಟ್ಟಿಗೆ ಪಟ್ಟು ಹಿಡಿದರು. ಬಜಪೆಯ ವಿಮಾನ ನಿಲ್ದಾಣ, 1960ರಲ್ಲಿ ಸುರತ್ಕಲ್ಲಿನಲ್ಲಿ ಆರಂಭವಾದ ಎಂಜಿನಿಯರಿಂಗ್ ಕಾಲೇಜು, ಪಣಂಬೂರಿನ ಬಂದರು, ಹಾಸನ–ಮಂಗಳೂರು ರೈಲು ಮಾರ್ಗ, ಇವೆಲ್ಲದರ ಹಿಂದೆ ಅವರ ದುಡಿಮೆಯಿದೆ. ಮಾತು ಕಡಿಮೆ, ಕೆಲಸ ಹೆಚ್ಚು ಎಂಬುದು ಅವರ ಬಗ್ಗೆ ಜನ ಹೇಳುವ ಮಾತು.

1965ರ ಡಿಸೆಂಬರ್ 19ರಂದು, ಲೋಕಸಭಾ ಸದಸ್ಯರಾಗಿರುವಾಗಲೇ, ಮಲ್ಯರು ತೀರಿಕೊಂಡರು. ಪಣಂಬೂರಿನ ಬಂದರು ಉದ್ಘಾಟನೆಯಾದದ್ದು 1975ರ ಜನವರಿಯಲ್ಲಿ. ಹಾಸನದಿಂದ ಮಂಗಳೂರಿಗೆ ರೈಲು ಓಡಿದ್ದು 1979ರಲ್ಲಿ. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿಲೋಮೀಟರ್ ಘಟ್ಟದಲ್ಲೇ 57 ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಇಷ್ಟು ಕಷ್ಟದ ದಾರಿಯಲ್ಲಿ ಓಡಿದ ಗಾಡಿಯನ್ನು ನೋಡುವ ಭಾಗ್ಯ ಅದಕ್ಕಾಗಿ ದುಡಿದವರಿಗೆ ಸಿಗಲಿಲ್ಲ.

ಆ ಮಾರ್ಗದಿಂದ ಬಂಟ್ವಾಳಕ್ಕೆ ನಿಲ್ದಾಣ ದೊರೆಯಿತು. ಹಳಿ ಅಗಲಗೊಳಿಸುವ ಕೆಲಸಕ್ಕಾಗಿ 1990ರ ದಶಕದಲ್ಲಿ ನಿಂತ ಪ್ರಯಾಣಿಕರ ಗಾಡಿ 2007ರ ಡಿಸೆಂಬರಿನಲ್ಲಿ ಮರಳಿ ಬಂತು. ಈಗ ರಾತ್ರಿ ಗಾಡಿ ಹತ್ತಿದರೆ ಬೆಳಗ್ಗೆ ಬೆಂಗಳೂರು. ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಕೆಲಸ ಹುಡುಕಿ ಹೋದದ್ದು ಇದೇ ಹಳಿಯ ಮೇಲೆ.

ಆದರೆ ಬೆಳ್ತಂಗಡಿ ಮತ್ತು ಮೂಡುಬಿದಿರೆಗೆ ಇಂದಿಗೂ ರೈಲಿಲ್ಲ. ಬೆಳ್ತಂಗಡಿಯವರು ಬಂಟ್ವಾಳಕ್ಕೋ ಸುಬ್ರಹ್ಮಣ್ಯ ರೋಡಿಗೋ ಹೋಗಬೇಕು; ಮೂಡುಬಿದಿರೆಯವರಿಗೆ ಮಂಗಳೂರು ಅಥವಾ ಮೂಲ್ಕಿ. ತಾವು ಕಾಣದ ರೈಲಿಗಾಗಿ ಮಲ್ಯರು ದುಡಿದರು. ಉಳಿದ ಕೆಲಸಕ್ಕೂ ಅಂಥ ಮನಸ್ಸಿನವರು ಬೇಕು. ಅವರು ನಮ್ಮ ಶಾಲೆಯ ಬೆಂಚುಗಳಿಂದಲೇ ಎದ್ದು ಬರಲಿ.