ಹೋರೇಸ್ ಮ್ಯಾನ್

ಅಮೆರಿಕ ಸಂಯುಕ್ತ ಸಂಸ್ಥಾನದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಫ್ರಾಂಕ್ಲಿನ್ ಎಂಬುದೊಂದು ಊರು. ಬೆಂಜಮಿನ್ ಫ್ರಾಂಕ್ಲಿನನ ಗೌರವಾರ್ಥವಾಗಿ ಅದಕ್ಕೆ ಆ ಹೆಸರನ್ನಿಟ್ಟಿದ್ದರು. ಊರವರು ತಮ್ಮ ಪ್ರಾರ್ಥನಾಮಂದಿರಕ್ಕೆ ಗಂಟೆಯೊಂದನ್ನು ಅವನಿಂದ ಬಯಸಿದಾಗ, ಆ ಮಹನೀಯನು ಗಂಟೆಗೆ ಬದಲಾಗಿ ನೂರಕ್ಕೂ ಹೆಚ್ಚು ಗ್ರಂಥಗಳನ್ನು ಕಳುಹಿಸಿಕೊಟ್ಟನು. ಅದೇ ಊರಿನಲ್ಲಿ 1796ರ ಮೇ 4ರಂದು ಹುಟ್ಟಿದ ಬಡ ರೈತನ ಮಗನೊಬ್ಬನಿಗೆ ಆ ಗ್ರಂಥಗಳೇ ನಿಜವಾದ ಪಾಠಶಾಲೆಯಾದವು. ಅವನೇ ಹೋರೇಸ್ ಮ್ಯಾನ್.

ಮ್ಯಾನನ ಬಾಲ್ಯವು ದುಡಿಮೆಯಲ್ಲಿಯೇ ಕಳೆಯಿತು. ಹೊಲದ ಕೆಲಸ ಮುಗಿದರೆ ಟೋಪಿಗಳಿಗಾಗಿ ಒಣಹುಲ್ಲನ್ನು ಹೆಣೆಯುವ ಕೆಲಸ ಕಾದಿರುತ್ತಿತ್ತು. ವರ್ಷದಲ್ಲಿ ಎಂಟು ಹತ್ತು ವಾರಗಳಿಗಿಂತ ಹೆಚ್ಚು ಕಾಲ ಅವನು ಶಾಲೆಯ ಮುಖವನ್ನು ಕಾಣಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡನು. ಆದರೂ ಕೆಲವು ತಿಂಗಳುಗಳ ಮನೆಪಾಠದ ಬಲದಿಂದ ಪ್ರಾವಿಡೆನ್ಸ್ ನಗರದ ಬ್ರೌನ್ ವಿಶ್ವವಿದ್ಯಾಲಯವನ್ನು ಸೇರಿ, 1819ರಲ್ಲಿ ಪದವಿಯನ್ನು ಪಡೆದನು. ಮುಂದೆ ವಕೀಲನಾಗಿ ಹೆಸರು ಗಳಿಸಿದನು. ರಾಜ್ಯದ ಶಾಸನಸಭೆಗೆ ಆಯ್ಕೆಯಾದನು. 1832ರಲ್ಲಿ, ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ, ಪತ್ನಿ ಷಾರ್ಲಟ್ ತೀರಿಕೊಂಡಳು. ಆ ದುಃಖ ಅವನನ್ನು ಬಹುಕಾಲ ಬಿಡಲಿಲ್ಲ.

1837ರಲ್ಲಿ ರಾಜ್ಯ ಸರ್ಕಾರವು ಶಿಕ್ಷಣ ಮಂಡಲಿಯೊಂದನ್ನು ಸ್ಥಾಪಿಸಿತು. ಆಗ ರಾಜ್ಯದ ಸೆನೆಟ್ ಸಭೆಯ ಅಧ್ಯಕ್ಷನಾಗಿದ್ದ ಮ್ಯಾನ್ ಆ ಮಂಡಲಿಯ ಕಾರ್ಯದರ್ಶಿಯಾಗಲು ಒಪ್ಪಿಕೊಂಡದ್ದು ಮಿತ್ರರಿಗೆ ಆಶ್ಚರ್ಯವನ್ನುಂಟುಮಾಡಿತು. ವರ್ಷಕ್ಕೆ 1500 ಡಾಲರ್ ಸಂಬಳ, ಅಧಿಕಾರವಂತೂ ಸೊನ್ನೆ. ಒಂದು ಶಾಲೆಯನ್ನು ತೆರೆಯುವ, ಒಬ್ಬ ಉಪಾಧ್ಯಾಯನನ್ನು ನೇಮಿಸುವ ಹಕ್ಕೂ ಅವನಿಗಿರಲಿಲ್ಲ. ಶಾಲೆಗಳ ಸ್ಥಿತಿಗತಿಗಳನ್ನು ಸಂಗ್ರಹಿಸಿ ಜನರಿಗೆ ತಿಳಿಸುವುದಷ್ಟೇ ಅವನ ಕರ್ತವ್ಯ.

ಮ್ಯಾನ್ ಕುದುರೆಯೇರಿ ಊರೂರು ತಿರುಗಿದನು. ಅಲ್ಲಿ ಕಂಡದ್ದು ಶೋಚನೀಯವಾಗಿತ್ತು. ಐವತ್ತು ಮನೆಗಳಿರುವ ಪ್ರತಿಯೊಂದು ಊರೂ ಉಪಾಧ್ಯಾಯನೊಬ್ಬನನ್ನು ಇಟ್ಟುಕೊಳ್ಳಬೇಕೆಂಬ ಶಾಸನವು ಆ ನಾಡಿನಲ್ಲಿ 1647ರಷ್ಟು ಹಿಂದೆಯೇ ಆಗಿತ್ತು. ಆದರೆ ಶಾಲೆಯ ಮನೆಗಳು ಮಳೆಗಾಳಿಗೆ ತೆರೆದುಕೊಂಡಿದ್ದವು, ಉಪಾಧ್ಯಾಯರಿಗೆ ತರಬೇತಿಯಿರಲಿಲ್ಲ. ಶ್ರೀಮಂತರು ತಮ್ಮ ಮಕ್ಕಳನ್ನು ಖಾಸಗಿ ಶಾಲೆಗಳಿಗೆ ಕಳುಹಿಸುತ್ತ, ಊರ ಶಾಲೆಗೆ ತೆರಿಗೆ ಕೊಡಲು ಗೊಣಗುತ್ತಿದ್ದರು. ಅನ್ಯರ ಮಕ್ಕಳ ಓದಿಗೆ ತಾವೇಕೆ ಹಣ ತೆರಬೇಕು ಎಂಬುದು ಅವರ ಪ್ರಶ್ನೆ. ಸಂಪತ್ತು ಯಾವೊಬ್ಬನ ಸ್ವಂತದ್ದೂ ಅಲ್ಲ, ಒಂದು ತಲೆಮಾರು ಮುಂದಿನ ತಲೆಮಾರಿಗಾಗಿ ಕಾಪಾಡಿಕೊಂಡು ಬರುವ ನಿಕ್ಷೇಪವದು ಎಂದು ಮ್ಯಾನ್ ಉತ್ತರವಿತ್ತನು. ಹನ್ನೆರಡು ವರ್ಷ ಬರೆದ ಹನ್ನೆರಡು ವಾರ್ಷಿಕ ವರದಿಗಳೇ ಅವನ ಆಯುಧಗಳು. ಪಿಟ್ಸ್‌ಫೀಲ್ಡ್ ಎಂಬಲ್ಲಿ ಉಪಾಧ್ಯಾಯರ ಸಮಾವೇಶಕ್ಕೆ ಹೋದಾಗ ಕೋಣೆ ಕಸದಿಂದ ತುಂಬಿತ್ತಂತೆ. ಅವನೂ ರಾಜ್ಯದ ಗವರ್ನರನೂ ಪೊರಕೆ ಹಿಡಿದು ತಾವೇ ಗುಡಿಸಿದರಂತೆ.

ಉಪಾಧ್ಯಾಯರನ್ನು ತಯಾರು ಮಾಡದೆ ಶಾಲೆ ಸುಧಾರಿಸದೆಂದು ಅವನು ಅರಿತಿದ್ದನು. ಎಡ್ಮಂಡ್ ಡ್ವೈಟ್ ಎಂಬ ಉದಾರಿಯು 10,000 ಡಾಲರ್ ಕೊಡಲು ಮುಂದೆ ಬಂದನು. ಸರ್ಕಾರವೂ ಅಷ್ಟೇ ಹಣವನ್ನು ಸೇರಿಸಿತು. 1839ರ ಜುಲೈ 3ರಂದು ಲೆಕ್ಸಿಂಗ್‌ಟನ್ನಿನಲ್ಲಿ ಮೊದಲ ನಾರ್ಮಲ್ ಶಾಲೆ ತೆರೆಯಿತು. ನಮ್ಮ ಹಿರಿಯರೂ ಉಪಾಧ್ಯಾಯರ ತರಬೇತಿ ಶಾಲೆಯನ್ನು ನಾರ್ಮಲ್ ಸ್ಕೂಲು ಎಂದೇ ಕರೆಯುತ್ತಿದ್ದರಲ್ಲವೆ! ಅಂದು ಸೇರಲು ಬಂದವರು ಮೂವರೇ ತರುಣಿಯರು. ಮರುವರ್ಷ ಮಂಡಲಿಯನ್ನೇ ರದ್ದುಪಡಿಸುವ ಸೂಚನೆ ಶಾಸನಸಭೆಯ ಮುಂದೆ ಬಂದು ಸೋತಿತು.

1843ರಲ್ಲಿ ಮ್ಯಾನ್ ಮೇರಿ ಪೀಬಡಿಯನ್ನು ವಿವಾಹವಾಗಿ, ಆಕೆಯೊಡನೆ ಯೂರೋಪಿಗೆ ಹೋದನು. ಪ್ರಷ್ಯದ ಶಾಲೆಗಳಲ್ಲಿ ಉಪಾಧ್ಯಾಯರು ಬೆತ್ತವಿಲ್ಲದೆ, ಪುಸ್ತಕವನ್ನು ನೋಡದೆ ಪಾಠ ಹೇಳುವುದನ್ನು ಕಂಡು ಬೆರಗಾದನು. ಅದನ್ನು ವರದಿಯಲ್ಲಿ ಹೊಗಳಿದ್ದೇ ತಡ, ಬಾಸ್ಟನ್ ನಗರದ 31 ಮಂದಿ ಉಪಾಧ್ಯಾಯರು 1844ರಲ್ಲಿ ದೀರ್ಘವಾದ ಖಂಡನೆಯನ್ನೇ ಅಚ್ಚು ಹಾಕಿಸಿದರು. ಮ್ಯಾನನೂ ಅಷ್ಟೇ ಖಾರವಾಗಿ ಉತ್ತರಿಸಿದನು. ಕೋಪದಲ್ಲಿ ಅವನು ಕಡಿಮೆಯವನಲ್ಲ.

ಇನ್ನೊಂದು ಮಾತನ್ನು ಮರೆಮಾಚಬಾರದು. ಆ ಕಾಲದಲ್ಲಿ ಬಾಸ್ಟನ್ನಿನ ನೀಗ್ರೋ ಮಕ್ಕಳಿಗೆ ಪ್ರತ್ಯೇಕ ಶಾಲೆಗಳಿದ್ದವು. ಸರ್ವರಿಗೂ ಒಂದೇ ಶಾಲೆ ಎಂದು ಸಾರಿದ ಕಾರ್ಯದರ್ಶಿಯು ಈ ಅನ್ಯಾಯದ ವಿರುದ್ಧ ದನಿಯೆತ್ತಲಿಲ್ಲವೆಂದು ಸಮಕಾಲೀನರೇ ಆಕ್ಷೇಪಿಸಿದರು. ಆಕ್ಷೇಪ ನ್ಯಾಯವಾದದ್ದೇ. 1848ರಲ್ಲಿ ರಾಷ್ಟ್ರದ ಕಾಂಗ್ರೆಸ್ ಸಭೆಗೆ ಹೋದ ಮೇಲೆ ಅವನು ಗುಲಾಮಗಿರಿಯನ್ನು ನಿರ್ಭಯವಾಗಿ ಎದುರಿಸಿದನು. ಆ ಪ್ರತ್ಯೇಕ ಶಾಲೆಗಳು ಶಾಸನದಿಂದ ಕೊನೆಗೊಂಡದ್ದು 1855ರಲ್ಲಿ.

ಎಂಟರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ವರ್ಷಕ್ಕೆ ಹನ್ನೆರಡು ವಾರವಾದರೂ ಶಾಲೆಗೆ ಕಳುಹಿಸಬೇಕೆಂಬ ಕಾನೂನು ಆ ರಾಜ್ಯದಲ್ಲಿ 1852ರಲ್ಲಿ ಜಾರಿಗೆ ಬಂದಿತು. ಅಮೆರಿಕದಲ್ಲಿ ಅದೇ ಮೊದಲನೆಯದು. 1847ರಲ್ಲಿ ಮ್ಯಾನನನ್ನು ಕಂಡು ಹೋಗಿದ್ದ ಸಾರ್ಮಿಯೆಂಟೊ ಎಂಬಾತನು ಮುಂದೆ ಅರ್ಜೆಂಟೀನದ ಅಧ್ಯಕ್ಷನಾಗಿ, ಅಮೆರಿಕದಿಂದಲೇ ಉಪಾಧ್ಯಾಯಿನಿಯರನ್ನು ತನ್ನ ದೇಶಕ್ಕೆ ಕರೆಸಿಕೊಂಡನು.

1853ರಲ್ಲಿ ಮ್ಯಾನ್ ಒಹೈಯೊ ರಾಜ್ಯದ ಆಂಟಿಯಾಕ್ ಕಾಲೇಜಿನ ಅಧ್ಯಕ್ಷನಾದನು. ಹೆಣ್ಣುಮಕ್ಕಳೂ ಗಂಡುಮಕ್ಕಳೂ ಅಲ್ಲಿ ಸಮಾನವಾಗಿ ಕಲಿಯುತ್ತಿದ್ದರು. ಸಾಲದಲ್ಲಿ ಮುಳುಗಿದ ಆ ಸಂಸ್ಥೆಯನ್ನು ಉಳಿಸುವ ಹೋರಾಟದಲ್ಲಿ ಅವನ ಆರೋಗ್ಯ ಕುಸಿಯಿತು. 1859ರ ಆಗಸ್ಟ್ 2ರಂದು ಅವನು ನಿಧನ ಹೊಂದಿದನು. ಪ್ರಾವಿಡೆನ್ಸ್ ನಗರದಲ್ಲಿ, ಷಾರ್ಲಟ್‌ಳ ಸಮಾಧಿಯ ಪಕ್ಕದಲ್ಲಿ ಅವನ ಸಮಾಧಿಯಿದೆ.